ಮೈಂಡರ್ಟ್ ಬ್ರೇವರನ ಏಳನೆಯ ಅಧ್ಯಾಯ

ಸೀಬ್ರನ್ ಮೇಷ್ಟ್ರು ಮೈಂಡರ್ಟ್ ಬ್ರೇವರನನ್ನು ಮೊದಲು ಕಂಡದ್ದು 1966ರ ಏಪ್ರಿಲಿನ ಒಂದು ಶನಿವಾರ. ಆಗ ಅವನು ಒಂದು ಕೈಯಲ್ಲಿ ಎಲೆಕೋಸಿನ ಸಸಿ, ಇನ್ನೊಂದು ಕೈಯಲ್ಲಿ ಜೇಬುಗಡಿಯಾರ ಹಿಡಿದು ಮಣ್ಣಿನಲ್ಲಿ ಮಂಡಿಯೂರಿದ್ದ. ಸಸಿ ನೆಟ್ಟ, ಗಡಿಯಾರ ನೋಡಿದ, ಕಿವಿಯ ಮೇಲಿನ ಪೆನ್ಸಿಲು ತೆಗೆದು ಹಳೆಯ ಸಕ್ಕರೆ ಚೀಲದ ಮೇಲೆ ಏನೋ ಗೀಚಿಕೊಂಡ. ಇಪ್ಪತ್ತೆಂಟು ವರ್ಷ ಲೆಕ್ಕದ ಪಾಠ ಹೇಳಿದ್ದ ಮೇಷ್ಟ್ರಿಗೂ ಕೋಸಿನ ಸಸಿಯ ವೇಳೆ ಹಿಡಿಯುವ ಮನುಷ್ಯ ಅದುವರೆಗೆ ಸಿಕ್ಕಿರಲಿಲ್ಲ.

ಮೇಷ್ಟ್ರು ಆಮ್‌ಸ್ಟರ್‌ಡಾಮಿನ ಹತ್ತಿರದ ಝಾಂಡಾಮಿಗೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಮೂರನೆಯ ಮಹಡಿಯ ಮನೆ, ಕೆಳಗೆ ಕೋಕೋ ಕಾರ್ಖಾನೆಯ ವಾಸನೆ. ಒಂದು ತುಂಡು ನೆಲ ಬಾಡಿಗೆಗೆ ಸಿಕ್ಕರೆ ಬಟಾಟೆ ಬೆಳೆದುಕೊಳ್ಳೋಣವೆಂದು ಊರಾಚೆಯ 'ಸ್ವಂತ ಕೈ' ತೋಟಕ್ಕೆ ಬಂದಿದ್ದರು.

"ಇಲ್ಲಿ ಅಧ್ಯಕ್ಷರು ಯಾರು?" ಎಂದು ಕೇಳಿದರು.

"ತೀರಿಕೊಂಡ್ರು," ಎಂದ ಮೈಂಡರ್ಟ್, ತಲೆ ಎತ್ತದೆ.

"ಅಯ್ಯೋ ಪಾಪ. ಯಾವಾಗ?"

"ಐವತ್ತೆರಡರಲ್ಲಿ. ಮನುಷ್ಯ ಗಟ್ಟಿಯಾಗೇ ಇದಾನೆ. ಅಗೋ, ಬೇಲಿ ಕಟ್ತಾ ಇದಾನಲ್ಲ, ಕೋಬಸ್ ಅಂತ. ತೀರಿಕೊಂಡಿದ್ದು ಹುದ್ದೆ."

ಬೇಲಿಯ ಹತ್ತಿರವಿದ್ದ ದಪ್ಪ ಮನುಷ್ಯ ಟೊಪ್ಪಿ ಎತ್ತಿದ. "ನಿಮ್ಮ ಕೋಟಿನ ತೋಳು ನೋಡಿದ್ರೆ ಸೀಮೆಸುಣ್ಣ ಹಿಡಿಯೋರ ಥರ ಕಾಣ್ತೀರಿ. ನೀವೇ ಹೇಳಿ ಮೇಷ್ಟ್ರೇ, ಅಧ್ಯಕ್ಷ ಆಗಿ ಎರಡೇ ವರ್ಷ ಆಗಿತ್ತು ನಾನು. ಈ ಗಡಿಯಾರದವನು ಬಂದು ನನ್ನ ಕುರ್ಚೀನ ಕೋಳಿಗೂಡು ಮಾಡ್ಬಿಟ್ಟ."

"ಕೋಳಿ ಅದರ ಮೇಲೆ ಕೂತು ಮೊಟ್ಟೇನಾದ್ರೂ ಇಡುತ್ತೆ," ಎಂದ ಮೈಂಡರ್ಟ್.

"ಹಾಗಾದ್ರೆ ನನಗೆ ನೆಲ ಬೇಕು ಅಂದ್ರೆ ಯಾರನ್ನ ಕೇಳ್ಬೇಕು?"

"ಎಲ್ಲರನ್ನೂ."

ಎಲ್ಲರೂ ಎಂದರೆ ಇಪ್ಪತ್ತೊಂದು ಜನ. ಮೇಷ್ಟ್ರು ಮೂರು ವಾರ ಸೈಕಲ್ ತುಳಿದು ಒಬ್ಬೊಬ್ಬರನ್ನೂ ಕೇಳಿದರು. ಕೊನೆಯವನು ಆಸ್ಪತ್ರೆಯಲ್ಲಿ ಹರ್ನಿಯಾ ಕೊಯ್ಯಿಸಿಕೊಂಡು ಮಲಗಿದ್ದ. ಅವನ ಹಾಸಿಗೆಯ ಪಕ್ಕ ನಿಂತು ಕೇಳಿದಾಗ, ನರ್ಸು ಹೊರಗೆ ಹೋಗಿ ಎನ್ನುತ್ತಿದ್ದರೂ, ಅವನು ಬಟಾಟೆಯಲ್ಲಿ ಯಾವ ತಳಿ ಹಾಕುತ್ತೀರೆಂದು ವಿಚಾರಿಸಿಯೇ ಒಪ್ಪಿಗೆ ಕೊಟ್ಟ. ಹೀಗೆ ಸೀಬ್ರನ್ ಮೇಷ್ಟ್ರು 'ಸ್ವಂತ ಕೈ' ತೋಟದ ಇಪ್ಪತ್ತೆರಡನೆಯವರಾದರು.

ಮೈಂಡರ್ಟನ ಕಥೆ ಅವರಿಗೆ ಒಂದೇ ಸಲಕ್ಕೆ ಸಿಗಲಿಲ್ಲ. ಬೆಳಿಗ್ಗೆ ಹತ್ತೂವರೆಯ ಕಾಫಿಗೆ ಒಂದು ತುಣುಕು, ಮಧ್ಯಾಹ್ನ ಮೂರರ ಕಾಫಿಗೆ ಇನ್ನೊಂದು ತುಣುಕು. ಪ್ರತಿ ಲೋಟಕ್ಕೂ ಒಂದೇ ಬಿಸ್ಕತ್ತು. ಮೈಂಡರ್ಟನ ಹೆಂಡತಿ ಡೀವೆ ತಗಡಿನ ಡಬ್ಬಿ ತೆರೆದು ಸುತ್ತ ಹಿಡಿಯುವಳು. ಎಲ್ಲರೂ ಒಂದೊಂದು ತೆಗೆದುಕೊಂಡ ಮೇಲೆ ಟಪ್ಪೆಂದು ಮುಚ್ಚಳ ಬೀಳುವುದು. ಆ ಸದ್ದು ಕೇಳಿದ ಮೇಲೂ ಡಬ್ಬಿಯ ಕಡೆ ನೋಡುವವನು ಆ ಸೀಮೆಯಲ್ಲಿ ಹುಟ್ಟಿದವನಾಗಿರಲು ಸಾಧ್ಯವಿಲ್ಲ.

ಅವನು ಹುಟ್ಟಿದ್ದು 1903ರಲ್ಲಿ, ಅದೇ ಊರಿನಲ್ಲಿ. ಅಪ್ಪ ಹಡಗಿನ ಹಲಗೆಗಳ ಸಂದಿಗೆ ನಾರು ತುಂಬಿ ಡಾಂಬರು ಬಳಿಯುವವನು. ಕೆಲಸ ಹುಡುಕಿಕೊಂಡು ಮಗನನ್ನೂ ಕಟ್ಟಿಕೊಂಡು ಜರ್ಮನಿಯ ಬ್ರೆಮೆನ್ ಬಂದರಿಗೆ ಹೋದ. 1919ರ ಜನವರಿಯಲ್ಲಿ ಆ ಬಂದರನ್ನು ಕೆಲಸಗಾರರ ಮಂಡಳಿಗಳೇ ನಡೆಸಿದವು, ಒಂದು ತಿಂಗಳೂ ತುಂಬಲಿಲ್ಲ. ಹದಿನೈದರ ಮೈಂಡರ್ಟ್ ಅಲ್ಲಿ ಕಂಡದ್ದು ಇಷ್ಟು: ಬೆಳಿಗ್ಗೆ ಮೊಳೆ ಬಡಿಯುವವರು ತಮ್ಮಲ್ಲೊಬ್ಬನನ್ನು ಆರಿಸಿ ಮಂಡಳಿಗೆ ಕಳಿಸಿದರು, ಅವನು ಸಂಜೆ ಹೊಳೆಯುವ ಹೊಸ ಬೂಟು ಹಾಕಿಕೊಂಡು ಬಂದ, ಅಲ್ಲೇ ನಿಂತು ಅವನನ್ನು ಇಳಿಸಿ ಇನ್ನೊಬ್ಬನನ್ನು ಆರಿಸಿದರು. ಆ ಬಡಪಾಯಿಯ ಬೂಟು ಭಾವಮೈದನದ್ದು ಎಂದು ಆಮೇಲೆ ತಿಳಿಯಿತಂತೆ. ಆದರೆ ಹುಡುಗನ ತಲೆಯಲ್ಲಿ ಬೂಟು ಹೋಗಿ, ಇಳಿಸಿದ್ದು ಮಾತ್ರ ಉಳಿಯಿತು.

ಆಮೇಲೆ ಆಮ್‌ಸ್ಟರ್‌ಡಾಮಿನ ಹಡಗುಕಟ್ಟೆಯಲ್ಲಿ ಮೊಳೆ ಬಡಿದ, ಡೀವೆಯನ್ನು ಮದುವೆಯಾದ, 1931ರಲ್ಲಿ ಕೆಲಸ ಕಳೆದುಕೊಂಡ. ಕೆಲಸವಿಲ್ಲದವರು ಸರ್ಕಾರದ ಭತ್ಯೆಗಾಗಿ ದಿನಕ್ಕೆರಡು ಸಲ ಸಾಲಿನಲ್ಲಿ ನಿಂತು ಚೀಟಿಗೆ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು, ಕದ್ದು ಎಲ್ಲೂ ದುಡಿಯುತ್ತಿಲ್ಲವೆಂದು ತೋರಿಸಲು. ಆ ಸಾಲಿನಲ್ಲೇ ಅವನು ಅರ್ಥಶಾಸ್ತ್ರ ಓದಿದ. ಮುಂದಿನವನ ಬೆನ್ನೇ ಮೇಜು. ಏಳು ಜನರ ಒಂದು ಗುಂಪು ಸೇರಿತು. ನಾಯಕರಿಲ್ಲ, ಪಕ್ಷವಿಲ್ಲ, ಬರೆದದ್ದಕ್ಕೆ ಯಾರ ಹೆಸರೂ ಇಲ್ಲ. ಎರಡು ವರ್ಷದಲ್ಲಿ ಗುಂಪು ಒಡೆದು ನಾಲ್ವರ ಒಂದು, ಮೂವರ ಒಂದು ಆಯಿತು. ನಾಲ್ವರ ಪತ್ರಿಕೆಯನ್ನು ಮೂವರು ಕೊಳ್ಳುತ್ತಿದ್ದರು, ಮೂವರದ್ದನ್ನು ನಾಲ್ವರು. ಬೇರೆ ಯಾರೂ ಕೊಳ್ಳುತ್ತಿರಲಿಲ್ಲ.

ಅವನ ವಿಚಾರವನ್ನು ಮೇಷ್ಟ್ರು ತಮ್ಮ ಐದನೆಯ ತರಗತಿಗೂ ಹೇಳಬಹುದಾಗಿತ್ತು. ಯಜಮಾನನನ್ನು ಓಡಿಸಿ ಆ ಕುರ್ಚಿಯಲ್ಲಿ ಪಕ್ಷದವನನ್ನೋ ಸರ್ಕಾರದವನನ್ನೋ ಕೂರಿಸಿದರೆ ಬದಲಾದದ್ದು ಕೂತವನ ಹಿಂಭಾಗ ಮಾತ್ರ. ರಷ್ಯಾದಲ್ಲಿ ಆದದ್ದು ಅಷ್ಟೇ. ಹಾಗಾಗದಿರಬೇಕಾದರೆ ದುಡಿಯುವವರೇ ನೋಡಿ ತಿಳಿಯುವಂಥ ಒಂದು ಅಳತೆ ಬೇಕು. ಆ ಅಳತೆ ಗಂಟೆ. ಒಂದು ಜೊತೆ ಬೂಟಿಗೆ, ಚರ್ಮ ಹದ ಮಾಡುವುದರಿಂದ ಹಿಡಿದು ಯಂತ್ರದ ಸವೆತದವರೆಗೆ, ಸರಾಸರಿ ಮೂರು ಗಂಟೆಯಾದರೆ ಬೂಟಿನ ಬೆಲೆ ಮೂರು ಗಂಟೆ. ಮೂರು ಗಂಟೆ ದುಡಿದವನ ಚೀಟಿಗೆ ಆ ಬೂಟು ಸಿಗುತ್ತದೆ, ಶಾಲೆ ಆಸ್ಪತ್ರೆಗಳ ಪಾಲು ಕಳೆದುಕೊಂಡು. ಚೀಟಿಯನ್ನು ಸಾಲ ಕೊಡುವಂತಿಲ್ಲ, ಬಡ್ಡಿಗೆ ಬಿಡುವಂತಿಲ್ಲ. ಯಾರ ಗಂಟೆಯೂ ಇನ್ನೊಬ್ಬರ ಗಂಟೆಗಿಂತ ದೊಡ್ಡದಲ್ಲ.

"ನಾನು ನನ್ನ ಕುಂಬಳಕಾಯಿ ಮುಂದೆ ಏಳು ಗಂಟೆ ಕೂತ್ಕೊಂಡೆ ಅನ್ನು. ಅದರ ಬೆಲೆ ಏಳು ಗಂಟೆನಾ?" ಎಂದು ಕೋಬಸ್ ಪ್ರತಿ ವರ್ಷ ತಪ್ಪದೆ ಕೇಳುವನು.

"ಸರಾಸರಿ ಅಂದೆ ಕಣೋ. ನಿನ್ನಂಥ ಸೋಮಾರಿಯಿಂದಲೇ ಸರಾಸರಿ ಅನ್ನೋದು ಹುಟ್ಟಿದ್ದು."

ಮೈಂಡರ್ಟ್ ಇದನ್ನೆಲ್ಲ ಹನ್ನೊಂದು ಅಧ್ಯಾಯ, ನಾನೂರ ಹನ್ನೆರಡು ಪುಟ ಬರೆದ. 1944ರ ಚಳಿಗಾಲದಲ್ಲಿ, ಯುದ್ಧದ ಬರಗಾಲಕ್ಕೆ ಊರು ಟುಲಿಪ್ ಹೂವಿನ ಗಡ್ಡೆ ಬೇಯಿಸಿ ತಿನ್ನುತ್ತಿದ್ದಾಗ, ಸೌದೆಯಿಲ್ಲದೆ ಡೀವೆ ಆ ಪುಸ್ತಕವನ್ನು ಒಲೆಗೆ ಹಾಕಿದಳು. ಕದ್ದಲ್ಲ. ಅವನೇ ಒಂದೊಂದು ಅಧ್ಯಾಯವಾಗಿ ಎತ್ತಿ ಕೊಟ್ಟ, ಕೊಡುವ ಮುಂಚೆ ಒಂದು ಸಲ ಓದಿಕೊಂಡು.

"ಮೂರನೇದು ಚೆನ್ನಾಗಿ ಉರೀತು," ಎಂದು ಡೀವೆ ಈಗಲೂ ಹೇಳುವಳು. "ಐದನೇದರಲ್ಲಿ ಬರೀ ಹೊಗೆ."

ಉಳಿದದ್ದು ಏಳನೆಯ ಅಧ್ಯಾಯ ಮಾತ್ರ. ಅದರ ಹಾಳೆಗಳನ್ನು ಅವಳು ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಹಾಸಿದ್ದಳು. ಯುದ್ಧ ಮುಗಿದ ಮೇಲೆ ಮೈಂಡರ್ಟ್ ಹತ್ತು ಅಧ್ಯಾಯಗಳನ್ನು ನೆನಪಿನಿಂದ ತಿರುಗಿ ಬರೆದ, ಬರೆಯುತ್ತ ತಿದ್ದಿದ. ಏಳನೆಯದು ಹೇಗೂ ಇದೆಯಲ್ಲ ಎಂದು ಅದನ್ನು ಮುಟ್ಟಲಿಲ್ಲ. ಪುಸ್ತಕವನ್ನು ಯಾರೂ ಅಚ್ಚು ಹಾಕಲಿಲ್ಲ. ಅದಕ್ಕೇ ಅವನಿಗೆ 'ಸ್ವಂತ ಕೈ' ತೋಟ ಅಷ್ಟು ಮುಖ್ಯ. ಇಪ್ಪತ್ತೆರಡು ತುಂಡು ನೆಲ, ಒಂದು ಕಾಫಿ ಗುಡಿಸಲು, ಸುತ್ತ ಒಂದು ಕಾಲುವೆ. ಯಜಮಾನನಿಲ್ಲದೆ ಜನ ಬದುಕಬಲ್ಲರೆಂಬುದಕ್ಕೆ ಭೂಮಿಯ ಮೇಲೆ ಅವನ ಹತ್ತಿರ ಇದ್ದ ಸಾಕ್ಷಿ ಅದೊಂದೇ.

ತೋಟದಲ್ಲಿ ಪ್ರತಿಯೊಬ್ಬರೂ ವರ್ಷಕ್ಕೆ ಮೂವತ್ತು ಗಂಟೆ ಎಲ್ಲರಿಗಾಗಿ ದುಡಿಯಬೇಕು. ದಾರಿ ಸರಿಮಾಡುವುದು, ಬೇಲಿ ಕತ್ತರಿಸುವುದು, ಕಾಫಿ ಮಾಡುವುದು, ಕಾಲುವೆಯ ಜೊಂಡು ತೆಗೆಯುವುದು. ಯಾವುದೇ ಆದರೂ ಅವರವರ ಚೀಟಿಯಲ್ಲಿ ಗಂಟೆಗೊಂದು ಗುರುತು. ಯಾರನ್ನೂ ಯಾರೂ ಇಂಥದ್ದೇ ಮಾಡು ಎನ್ನುವಂತಿಲ್ಲ. ಪರಿಣಾಮ ಏನಾಯಿತೆಂದರೆ, ಒಂದೇ ಕಾಫಿ ಪಾತ್ರೆಯ ಸುತ್ತ ಆರು ಜನ ನಿಂತಿರುತ್ತಿದ್ದರು. ಒಬ್ಬ ನೀರು ಹಾಕಿದರೆ ಐವರು ನೋಡುತ್ತಿದ್ದರು. ನಿಜವಾಗಿ ಕಾಫಿ ಮಾಡುತ್ತಿದ್ದವಳು ಡೀವೆ. ಸದಸ್ಯತ್ವ ಗಂಡನ ಹೆಸರಿನಲ್ಲಿದ್ದುದರಿಂದ ಅವಳಿಗೆ ಚೀಟಿಯೇ ಇರಲಿಲ್ಲ. ಸೊಂಟದವರೆಗಿನ ತಣ್ಣನೆಯ ಕೆಸರಿನಲ್ಲಿ ಇಳಿಯಬೇಕಾದ ಕಾಲುವೆಯ ಕಡೆ ಯಾರೂ ಸುಳಿಯಲಿಲ್ಲ. ಮೈಂಡರ್ಟನೇ ಒಬ್ಬ ಇಳಿಯುತ್ತಿದ್ದ. 1970ರಲ್ಲಿ ಮಂಡಿ ಕೆಟ್ಟ ಮೇಲೆ ಅವನೂ ಇಳಿಯಲಿಲ್ಲ.

1971ರ ನವೆಂಬರಿನ ಮೊದಲ ಗುರುವಾರ ಸೀಬ್ರನ್ ಮೇಷ್ಟ್ರು ಬೀಜದ ಪೊಟ್ಟಣ ಇಡಲು ಡಬ್ಬ ಹುಡುಕುತ್ತ ಕೋಳಿಗೂಡಿನ ಕೆಳಗೆ ಕೈ ಹಾಕಿದರು. ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ನಗರಸಭೆಯ ನಲವತ್ತಕ್ಕೂ ಹೆಚ್ಚು ಲಕೋಟೆಗಳು. ಒಂದನ್ನೂ ಒಡೆದಿರಲಿಲ್ಲ.

"ಇದೇನಪ್ಪಾ ಕೋಬಸ್?"

"ಹೊರಗೆ ಏನು ಬರೆದಿದೆ ನೋಡಿ."

"ಅಧ್ಯಕ್ಷರಿಗೆ, ಅಂತ."

"ಅದಕ್ಕೇ ಮತ್ತೆ. ಅಧ್ಯಕ್ಷ ಇಲ್ಲವಲ್ಲ. ಇಲ್ಲದವನ ಕಾಗದ ಒಡೆಯೋದು ತಪ್ಪು ಅಂತ ಐವತ್ತೆರಡರಲ್ಲೇ ಸಭೇಲಿ ತೀರ್ಮಾನ ಆಗಿದೆ."

ಮೇಷ್ಟ್ರು ಆ ತೀರ್ಮಾನವನ್ನು ಮುರಿದು ಮೇಲಿನ ಮೂರು ಲಕೋಟೆ ಒಡೆದರು. ಮೊದಲನೆಯದು ಎಚ್ಚರಿಕೆ. ಎರಡನೆಯದು ಖಾರವಾದ ಎಚ್ಚರಿಕೆ. ಮೂರನೆಯದರಲ್ಲಿ ಹೀಗಿತ್ತು: ಕಳೆದ ಎರಡು ತಪಾಸಣೆಗಳಲ್ಲೂ ನಿಮ್ಮ ಕಾಲುವೆಯಲ್ಲಿ ನೀರು ಹರಿಯುತ್ತಿರಲಿಲ್ಲ, ನೀರು ಮಂಡಳಿಯವರು ನವೆಂಬರ್ ಎಂಟರ ಸೋಮವಾರ ಮತ್ತೆ ಬರುತ್ತಾರೆ, ಆಗಲೂ ಜೊಂಡು ಇದ್ದರೆ ಹೊಸ ವರ್ಷದಿಂದ ನೆಲದ ಕರಾರು ರದ್ದು. ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡುವ ಯೋಚನೆ ಇದೆ. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಆ ಸೀಮೆಯಲ್ಲಿ ದೇವರನ್ನು ಬಯ್ದರೆ ಕ್ಷಮೆ ಉಂಟು, ಕಾಲುವೆ ಕಟ್ಟಿಕೊಂಡರೆ ಇಲ್ಲ.

ಶುಕ್ರವಾರ ಸಂಜೆ ಕಾಫಿ ಗುಡಿಸಲಲ್ಲಿ ಸಭೆ ಸೇರಿತು. ಸಭೆ ನಡೆಸುವವನಿಲ್ಲದ ಕಾರಣ ಕೋಬಸನ ಒಂದು ಮರದ ಬೂಟು ಕೈಯಿಂದ ಕೈಗೆ ಹೋಗುತ್ತಿತ್ತು. ಬೂಟು ಹಿಡಿದವನು ಮಾತಾಡಬಹುದು. ಹೆಚ್ಚು ಹೊತ್ತು ಯಾರೂ ಹಿಡಿಯದಂತೆ ಅದರ ವಾಸನೆಯೇ ನೋಡಿಕೊಳ್ಳುತ್ತಿತ್ತು.

ಮೇಷ್ಟ್ರು ಬೂಟು ತೆಗೆದುಕೊಂಡರು. "ಸರಳವಾದ ಲೆಕ್ಕ. ಕಾಲುವೇಲಿ ಒಂದು ಗಂಟೆ ಇಳಿದವರಿಗೆ ಒಂದೂವರೆ ಗಂಟೆ ಗುರುತು ಹಾಕೋಣ. ನಾಳೆ ಬೆಳಿಗ್ಗೆ ಹತ್ತು ಜನ ಬರ್ತಾರೆ."

ಮೈಂಡರ್ಟ್ ಬೂಟು ಕಿತ್ತುಕೊಂಡ. "ಮೇಷ್ಟ್ರೇ, ನಿಮ್ಮ ಬಾಯಲ್ಲಿ ಇಂಥ ಮಾತಾ? ಇವತ್ತು ಕೆಸರಿಗೆ ಒಂದೂವರೆ. ನಾಳೆ ಒಬ್ಬ ಬಂದು ನಾನು ಓದಿದೋನು, ನನ್ನ ಗಂಟೆ ಎರಡು ಅಂತಾನೆ. ನಾಡಿದ್ದು ಒಬ್ಬ, ನಿಮ್ಮೆಲ್ಲರ ಚಿಂತೆ ನಾನು ಹೊತ್ತಿದೀನಿ, ನನ್ನದು ಹತ್ತು ಅಂತಾನೆ. ಆ ಅರ್ಧ ಗಂಟೆ ತೂತಿನಿಂದ ಯಜಮಾನರೆಲ್ಲ ಒಬ್ಬೊಬ್ಬರಾಗಿ ವಾಪಸ್ ನುಗ್ಗಿ ಬರ್ತಾರೆ."

"ಹಾಗಾದ್ರೆ ಚೀಟಿ ಎತ್ತಿ, ಹೆಸರು ಬಂದೋರು ಇಳೀಲಿ."

"ಹೆಸರು ಬಂದೋನು ಇಳಿಯಲ್ಲ ಅಂದ್ರೆ? ಅವನನ್ನ ಇಳಿಸೋಕೆ ಒಬ್ಬ ಬೇಕು. ಆ ಒಬ್ಬನ ಹೆಸರು ಪೊಲೀಸು."

"ನೆಲ ಹೋದ ಮೇಲೆ ನಿನ್ನ ಸಿದ್ಧಾಂತ ಎಲ್ಲಿ ನೆಡ್ತೀಯೋ? ಬಚ್ಚಲಲ್ಲಾ?" ಎಂದ ಕೋಬಸ್, ಬೂಟಿಲ್ಲದೆ.

"ನೆಲ ಉಳಿಸೋಕೆ ಸಿದ್ಧಾಂತ ಬಿಟ್ರೆ, ಅದು ಬರೀ ಬಟಾಟೆ ಹೊಲ ಕಣೋ."

"ನಾನು ಬಂದಿದ್ದೇ ಬಟಾಟೆಗೆ."

ಒಂಬತ್ತು ಗಂಟೆಯ ಹೊತ್ತಿಗೆ ಚರ್ಚೆ ಕಾಲುವೆಯನ್ನು ಬಿಟ್ಟು, ಕೈ ಎತ್ತಿ ಮತ ಹಾಕುವುದೇ ಸರಿಯೋ ಎಂಬಲ್ಲಿಗೆ ಬಂದು ನಿಂತಿತ್ತು. ಅದನ್ನು ಮತಕ್ಕೆ ಹಾಕಬಹುದೋ ಎಂಬುದು ಮುಂದಿನ ಪ್ರಶ್ನೆ. ಆಗ ಲೋಟ ತೊಳೆಯುತ್ತಿದ್ದ ಡೀವೆ ಕೈ ಒರೆಸಿಕೊಂಡು ಈ ಕಡೆ ತಿರುಗಿದಳು.

"ಬೂಟು ಬೇಡ ನನಗೆ, ಮೂಗು ಇನ್ನೂ ಬೇಕು. ಮೈಂಡರ್ಟ್, ನಿನ್ನ ಏಳನೇ ಅಧ್ಯಾಯದಲ್ಲಿ ಒಂದು ಅಡಿಟಿಪ್ಪಣಿ ಇದೆಯಲ್ಲ, ಏನದು, ಓದು."

"ಈಗ್ಯಾಕೆ ಅದು?"

"ನಾನೇ ಹೇಳ್ತೀನಿ. ದಿನಾ ಬಿಸ್ಕತ್ತು ತೆಗೆಯುವಾಗ ಓದಿದೀನಿ. 'ಮನೆಯೊಳಗಿನ ಕೆಲಸದ ಗಂಟೆಗಳನ್ನು ಎಣಿಸುವುದು ಕಷ್ಟ. ಆ ವಿಚಾರವನ್ನು ಮುಂದೆ ನೋಡೋಣ.' ನಲವತ್ತಮೂರು ವರ್ಷ ಬಟಾಟೆ ಸುಲಿದಿದೀನಿ. ಹತ್ತೊಂಬತ್ತು ವರ್ಷ ಇವರಿಗೆಲ್ಲ ಕಾಫಿ ಮಾಡಿದೀನಿ, ಗುರುತು ಹಾಕಿಸಿಕೊಂಡವರು ಇವರು. ಆ ಅಡಿಟಿಪ್ಪಣಿ ನಾನೇ. ನನ್ನನ್ನ ಯಾರೂ ಇಳಿ ಅನ್ನಲಿಲ್ಲ, ಒಂದೂವರೆ ಕೊಡ್ತೀನಿ ಅನ್ನಲಿಲ್ಲ. ಆದರೂ ಮಾಡಿದೆ. ಅದು ಹೇಗೆ ಅಂತ ನಿಮ್ಮ ಶಾಸ್ತ್ರದಲ್ಲಿ ಇದ್ರೆ ಹೇಳಿ. ಇಲ್ಲಾಂದ್ರೆ ಮನೆಗೆ ಹೋಗಿ ಮಲಗಿ."

ಎಲ್ಲರೂ ಮನೆಗೆ ಹೋಗಿ ಮಲಗಿದರು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ, ಕಾಲುವೆ ಹೋದರೂ ಕಾಫಿ ಹೋಗಬಾರದೆಂದು ಎಲ್ಲರೂ ಗುಡಿಸಲಿಗೆ ಬಂದರು. ಬಾಗಿಲು ತೆರೆದೇ ಇತ್ತು. ಒಳಗೆ ಒಲೆ ಇಲ್ಲ, ಪಾತ್ರೆ ಇಲ್ಲ, ಡಬ್ಬಿ ಇಲ್ಲ. ಸೀಬ್ರನ್ ಮೇಷ್ಟ್ರೇ ಮೊದಲು ಅವಳನ್ನು ಕಂಡದ್ದು. ಗೊಬ್ಬರ ಸಾಗಿಸುವ ಚಪ್ಪಟೆ ದೋಣಿ ಕಾಲುವೆಯ ಬಾಯಲ್ಲಿ ನಿಂತಿತ್ತು. ಅದರಲ್ಲಿ ಮಡಿಸುವ ಕುರ್ಚಿಯ ಮೇಲೆ ಡೀವೆ ಕುಳಿತಿದ್ದಳು, ಎದುರಿಗೆ ಸೀಮೆಎಣ್ಣೆಯ ಒಲೆ, ಅದರ ಮೇಲೆ ಆವಿ ಬಿಡುತ್ತಿದ್ದ ಪಾತ್ರೆ, ತೊಡೆಯ ಮೇಲೆ ಡಬ್ಬಿ. ದೋಣಿಗೂ ದಡಕ್ಕೂ ನಡುವೆ ನಾಲ್ಕು ಮಾರು ಜೊಂಡು.

"ಡೀವೆ, ಇತ್ತ ಬಾ," ಎಂದು ಮೈಂಡರ್ಟ್ ಕರೆದ.

"ಬರೋಕೆ ಆಗ್ತಿಲ್ಲ. ಜೊಂಡು. ನಾನೇನೂ ಹೇಳ್ತಿಲ್ಲಪ್ಪ, ಯಾರಿಗೂ ಇಳೀರಿ ಅಂತಿಲ್ಲ. ಕಾಫಿ ಇಲ್ಲಿದೆ ಅಷ್ಟೇ."

ಗಾಳಿ ಅವರ ಕಡೆಗೇ ಬೀಸುತ್ತಿತ್ತು. ಮೊದಲು ಇಳಿದವನು ಕೋಬಸ್. ತೊಡೆಯವರೆಗಿನ ರಬ್ಬರ್ ಬೂಟು ಹಾಕಿಕೊಂಡು, ಬಾಯಿತುಂಬ ಬಯ್ಯುತ್ತ, ಉದ್ದ ಹಿಡಿಯ ಕೊಕ್ಕೆಯಿಂದ ಜೊಂಡು ಎಳೆದು ದಡಕ್ಕೆ ಎಸೆದ. ಹತ್ತು ನಿಮಿಷಕ್ಕೆ ದೋಣಿಯ ಅಂಚು ಹಿಡಿದು ನಿಂತಿದ್ದ. ಡೀವೆ ಲೋಟ ಕೊಟ್ಟು ಡಬ್ಬಿ ತೆರೆದಳು. ಅವನು ಒಂದು ಬಿಸ್ಕತ್ತು ತೆಗೆದುಕೊಂಡ, ಹುಟ್ಟಿದಂದಿನಿಂದ ಕೇಳಿದ್ದ ಸದ್ದಿಗಾಗಿ ಕಾದ. ಸದ್ದು ಬರಲಿಲ್ಲ. ಮುಚ್ಚಳ ತೆರೆದೇ ಇತ್ತು.

ಕೋಬಸ್ ಡಬ್ಬಿ ನೋಡಿದ. ಡೀವೆಯ ಮುಖ ನೋಡಿದ. ಎರಡನೆಯ ಬಿಸ್ಕತ್ತು ತೆಗೆದುಕೊಂಡ.

"ಎರಡು ಕೊಡ್ತಿದಾಳೆ," ಎಂದ, ದಡಕ್ಕೆ ತಿರುಗಿ, ಪಿಸುಮಾತಿನಲ್ಲಿ.

ಅಷ್ಟು ಸಾಕಾಯಿತು. ತಮ್ಮ ನೆಲದ ಮುಂದಕ್ಕೂ ದೋಣಿ ಬರಲೆಂದು ಒಬ್ಬೊಬ್ಬರೂ ಇಳಿದರು. ಜೊಂಡು ಎಳೆದಷ್ಟೂ ದೋಣಿ ಮುಂದೆ ಬಂತು. ಮೇಷ್ಟ್ರು ಪ್ಯಾಂಟು ಮಡಿಸಿ ಇಳಿದು, ಒಂದು ಬೂಟನ್ನು ಕೆಸರಿಗೆ ಕೊಟ್ಟು ಬಂದರು. ಮಂಡಿ ಕೆಟ್ಟ ಮೈಂಡರ್ಟ್ ದಡದಲ್ಲಿ ನಿಂತು ಜೊಂಡನ್ನು ರಾಶಿ ಹಾಕಿದ. ಅಭ್ಯಾಸಬಲದಿಂದ ಗಡಿಯಾರ ತೆಗೆದ, ಯಾರ ಗಂಟೆ ಯಾವಾಗ ಶುರುವಾಯಿತೆಂದು ತಿಳಿಯದೆ ಒಳಗಿಟ್ಟುಕೊಂಡ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ದೋಣಿ ತೋಟವನ್ನು ಪೂರ್ತಿ ಸುತ್ತಿ ಹೊರಟಲ್ಲಿಗೇ ಬಂದಿತ್ತು. ಹಿಂದೆ ಕಪ್ಪು ನೀರು ಮೆಲ್ಲಗೆ ಹರಿಯುತ್ತಿತ್ತು.

ಸೋಮವಾರ ತಪಾಸಣೆಯವನು ಬಂದು ಕೋಲು ಅದ್ದಿ ನೋಡಿದ, ಏನೂ ಸಿಕ್ಕಿಕೊಳ್ಳಲಿಲ್ಲ. ಕಾಗದ ಮುಂದೆ ಹಿಡಿದ.

"ಜವಾಬ್ದಾರರು ಯಾರು? ಇಲ್ಲಿ ರುಜು ಹಾಕಿ."

ಎಲ್ಲರೂ ಡೀವೆಯ ಕಡೆ ನೋಡಿದರು. "ನಾನು ಸದಸ್ಯೆಯೇ ಅಲ್ಲವಲ್ಲ," ಎಂದಳು.

ಹಾಗಾಗಿ ಇಪ್ಪತ್ತೆರಡು ಜನ ಎರಡು ಬೆರಳಗಲದ ಜಾಗದಲ್ಲಿ ಒಬ್ಬರ ಮೇಲೊಬ್ಬರು ರುಜು ಹಾಕಿದರು. ಆ ಕಪ್ಪು ಮುದ್ದೆಯನ್ನು ನೋಡಿ ಅವನು ಯಾವ ಹೆಸರನ್ನೂ ಓದಲಾರದೆ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡ. ನೆಲ ಉಳಿಯಿತು. ನಗರಸಭೆಯ ಕಾಗದಗಳು ಈಗಲೂ ಅಧ್ಯಕ್ಷರ ಹೆಸರಿಗೇ ಬರುತ್ತವೆ. ಮೇಷ್ಟ್ರು ಒಡೆಯುತ್ತಾರೆ, ಆ ವಿಷಯ ತನಗೆ ಗೊತ್ತಿಲ್ಲವೆಂದು ಕೋಬಸ್ ನಟಿಸುತ್ತಾನೆ.

ನೆಲ ಉಳಿದರೂ ಮೈಂಡರ್ಟನಿಗೆ ನಿದ್ದೆ ಬರಲಿಲ್ಲ. ಆ ವಾರವೇ ಅವನು ಮೇಷ್ಟ್ರ ಮನೆಯ ಮೂರು ಮಹಡಿ ಹತ್ತಿ ಬಂದು, ಕೂರದೆ ಹೇಳಿದ: "ಯಾರೂ ಆಜ್ಞೆ ಮಾಡಲಿಲ್ಲ. ಯಾರ ಗಂಟೇನೂ ದೊಡ್ಡದಾಗಲಿಲ್ಲ. ನಾನು ಹೇಳಿದ್ದೆಲ್ಲ ಸರಿಯಾಗೇ ಇತ್ತು ಮೇಷ್ಟ್ರೇ. ಆದರೆ ಅದನ್ನ ನಡೆಸಿದೋಳು ನನ್ನ ಪುಸ್ತಕದಲ್ಲಿ ಇಲ್ಲ."

"ಅಡಿಟಿಪ್ಪಣೀಲಿ ಇದಾಳಲ್ಲ."

"ಹೂಂ," ಎಂದ. "ಚಿಕ್ಕ ಅಕ್ಷರದಲ್ಲಿ."

ಮರುದಿನವೇ ಅವನು ಡಬ್ಬಿಯ ತಳದಿಂದ ಏಳನೆಯ ಅಧ್ಯಾಯವನ್ನು ಹೊರಗೆ ತೆಗೆದ. ಹಾಳೆಗಳಲ್ಲಿ ಬೆಣ್ಣೆಯ ಕಲೆ. ಡೀವೆ ಅದರ ಜಾಗಕ್ಕೆ ನಗರಸಭೆಯ ಎರಡನೆಯ ಎಚ್ಚರಿಕೆಯ ಕಾಗದವನ್ನು ಹಾಸಿದಳು.

ಈಗ ಮೈಂಡರ್ಟನಿಗೆ ಎಪ್ಪತ್ತಮೂರು. ಐದು ವರ್ಷದಿಂದ ಏಳನೆಯ ಅಧ್ಯಾಯವನ್ನೇ ಬರೆಯುತ್ತಿದ್ದಾನೆ. ಅಡಿಟಿಪ್ಪಣಿ ಅರವತ್ತು ಪುಟ ದಾಟಿದೆ, ಅಧ್ಯಾಯ ಅದರ ಮೇಲೆ ಟೊಪ್ಪಿಯ ಹಾಗೆ ಕುಳಿತಿದೆ. ತಾನು ಮಾಡದ ಕೆಲಸದ ಗಂಟೆಯನ್ನು ತಾನು ಹೇಗೆ ಎಣಿಸಲಿ ಎಂದು, ದಿನವೂ ಹನ್ನೆರಡಕ್ಕೆ ಹದಿನೈದು ನಿಮಿಷ ಇರುವಾಗ ಅಡುಗೆಮನೆಯಲ್ಲಿ ಕುಳಿತು, ಗಡಿಯಾರವನ್ನು ಮೇಜಿನ ಮೇಲಿಟ್ಟುಕೊಂಡು ಬಟಾಟೆ ಸುಲಿಯುತ್ತಾನೆ. ಒಂದು ಕಿಲೋ ಬಟಾಟೆಗೆ ಸಮಾಜದ ಸರಾಸರಿ ಎಷ್ಟೆಂದು ತಿಳಿಯಬೇಕಂತೆ. ಮೇಷ್ಟ್ರು ಹೋದ ವಾರ ಹೋಗಿದ್ದಾಗ ಅವನಿಗೆ ಮೂವತ್ತೆಂಟು ನಿಮಿಷ ಹಿಡಿದಿತ್ತು. ಸಿಪ್ಪೆಯಲ್ಲೇ ಅರ್ಧ ಬಟಾಟೆ ಹೋಗಿತ್ತು.

"ನೀನು ಸರಾಸರಿ ಹಾಳು ಮಾಡ್ತಿದೀಯ," ಎಂದಳು ಡೀವೆ, ಕಿಟಕಿಯ ಹತ್ತಿರ ಪತ್ರಿಕೆ ಓದುತ್ತ.

"ಶುರು ಮಾಡಿ ಐದೇ ವರ್ಷ ಆಗಿದೆ ಕಣೇ," ಎಂದು ಅವನು ಇನ್ನೊಂದು ಬಟಾಟೆ ಎತ್ತಿಕೊಂಡ.